ಫೋನ್ ಜಾಲವನ್ನು ಐಪಿಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಎಕ್ಸ್‌ಚೇಂಜ್‌ಗಳನ್ನು ನಿಲ್ಲಿಸಿ ಧ್ವನಿ ಕರೆಗಳನ್ನು ಐಪಿ ಜಾಲಕ್ಕೆ, ಅಂದರೆ ಡೇಟಾವನ್ನು ತುಂಡು ತುಂಡಾಗಿ ಸಾಗಿಸುವ ಜಾಲಕ್ಕೆ, ತರುವ ಕೆಲಸದಲ್ಲಿ ನಾನು ಹಲವು ವರ್ಷ ಇದ್ದೆ. ಎಲ್ಲಿ ಈ ಕೆಲಸ ಶುರುವಾದರೂ ಅವೇ ಪ್ರಶ್ನೆಗಳು ಬರುತ್ತವೆ. ಎಂಜಿನಿಯರುಗಳು ಒಂದು ಥರ ಕೇಳುತ್ತಾರೆ, ಲೆಕ್ಕ ನೋಡುವವರು ಇನ್ನೊಂದು ಥರ, ಮನೆಯಲ್ಲಿ ಲ್ಯಾಂಡ್‌ಲೈನ್ ಇಟ್ಟುಕೊಂಡವರು ಮತ್ತೊಂದು ಥರ. ಮೂವರ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ತಂತಿಯ ತುದಿಯಲ್ಲಿ ಏನಿದೆ ಎನ್ನುವ ವಿಷಯಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅಲ್ಲೇ.

ಹಳೇ ಜಾಲ ಚೆನ್ನಾಗೇ ನಡೀತಿದೆ. ಸುಮ್ನೆ ಯಾಕೆ ಮುಟ್ಟಬೇಕು?

ನಡೆಯುತ್ತಿದೆ, ನಿಜ. ಆದರೆ ಅದನ್ನು ನಡೆಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಡಿಜಿಟಲ್ ಎಕ್ಸ್‌ಚೇಂಜ್‌ಗಳಲ್ಲಿ ಹೆಚ್ಚಿನವು 1980 ಮತ್ತು 1990ರ ದಶಕದ ಯಂತ್ರಗಳು. ಬಹುಪಾಲು ತಯಾರಕರು ಅವುಗಳ ಬಿಡಿಭಾಗಗಳನ್ನು ಮಾಡುವುದನ್ನು ನಿಲ್ಲಿಸಿದ್ದಾರೆ. ಗ್ರಾಹಕರ ತಂತಿಗಳು ಬಂದು ಸೇರುವ ಒಂದು ಲೈನ್ ಕಾರ್ಡ್ ಕೆಟ್ಟರೆ, ಮುಚ್ಚಿದ ಇನ್ನೊಂದು ಎಕ್ಸ್‌ಚೇಂಜ್‌ನಿಂದ ಬಿಚ್ಚಿ ತಂದು ಹಾಕಬೇಕು. ಹಾಗೆ ತಂದ ಕಾರ್ಡೂ ಹಳೆಯದೇ.

ಯಂತ್ರಕ್ಕಿಂತ ದೊಡ್ಡ ಚಿಂತೆ ಜನರದು. ಆ ಎಕ್ಸ್‌ಚೇಂಜ್ ಯಂತ್ರಗಳ, ಅಂದರೆ ಸ್ವಿಚ್‌ಗಳ, ಒಳಹೊರಗು ಬಲ್ಲವರು ನಿವೃತ್ತರಾಗುತ್ತಿದ್ದಾರೆ. ಹೊಸದಾಗಿ ಬರುವವರಿಗೆ ಅದನ್ನು ಕಲಿಯಲು ಕಾರಣವೇ ಇಲ್ಲ. ಇನ್ನೊಂದು ಕಡೆ ಚಂದಾದಾರರು ಕಡಿಮೆಯಾಗುತ್ತಾ ಹೋಗುತ್ತಾರೆ, ಆದರೆ ಕರೆಂಟ್ ಬಿಲ್ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಹತ್ತು ಸಾವಿರ ಲೈನಿಗೆ ಕಟ್ಟಿದ ಎಕ್ಸ್‌ಚೇಂಜ್‌ನಲ್ಲಿ ಎರಡು ಸಾವಿರ ಉಳಿದರೂ ಪ್ರೊಸೆಸರ್, ಸ್ವಿಚಿಂಗ್ ರ‍್ಯಾಕ್, ಎಸಿ ಎಲ್ಲವೂ ಓಡುತ್ತಲೇ ಇರಬೇಕು. ಡೇಟಾಗೆ ಒಂದು ಜಾಲ, ಮಾತಿಗೆ ಒಂದು ಜಾಲ ಅಂತ ಎರಡನ್ನು ಸಾಕುವುದು ಯಾವ ಕಂಪನಿಗೂ ಹೆಚ್ಚು ಕಾಲ ಆಗುವ ಕೆಲಸವಲ್ಲ.

ಹಳೇದಕ್ಕೂ ಹೊಸದಕ್ಕೂ ನಿಜವಾದ ವ್ಯತ್ಯಾಸ ಏನು?

ಹಳೆಯ ಪದ್ಧತಿಯಲ್ಲಿ ಒಂದು ಕರೆಗೆ ಒಂದು ದಾರಿಯನ್ನು ಪೂರ್ತಿ ಮೀಸಲಿಡಲಾಗುತ್ತದೆ. ನಿಮ್ಮ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಅದು ಸೆಕೆಂಡಿಗೆ 64 ಕಿಲೋಬಿಟ್ ಆಗುತ್ತದೆ. 1972ರಲ್ಲಿ ಬಂದ ಜಿ.711 ಎಂಬ ಮಾನದಂಡ ಇದನ್ನೇ ಹೇಳುತ್ತದೆ. ಇಂಥ 30 ಕರೆಗಳನ್ನು ಒಂದು ಇ1 ಟ್ರಂಕ್‌ನಲ್ಲಿ (ಎಕ್ಸ್‌ಚೇಂಜ್‌ಗಳ ನಡುವಿನ ಕೊಂಡಿ) ಹೊಂದಿಸುತ್ತಾರೆ. ಅದರ ಒಟ್ಟು ವೇಗ 2.048 ಮೆಗಾಬಿಟ್. ಪ್ರತಿ ಕರೆಗೂ ತನ್ನದೇ ಟೈಮ್‌ಸ್ಲಾಟ್, ಅಂದರೆ ಸಮಯದ ಪಾಲು. ನೀವು ಮಾತಾಡಿದರೂ ಅದು ನಿಮ್ಮದೇ, ಸುಮ್ಮನಿದ್ದರೂ ನಿಮ್ಮದೇ. ಬೇರೆಯವರು ಅದರೊಳಗೆ ನುಗ್ಗುವಂತಿಲ್ಲ.

ಐಪಿಯಲ್ಲಿ ಈ ಮೀಸಲು ಇಲ್ಲ. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ (ಪ್ಯಾಕೆಟ್) ಕತ್ತರಿಸಿ, ಪ್ರತಿ ತುಂಡಿಗೂ ವಿಳಾಸ ಬರೆದು, ಬೇರೆ ಎಲ್ಲ ಡೇಟಾ ಹೋಗುವ ದಾರಿಯಲ್ಲೇ ಕಳಿಸುತ್ತಾರೆ. ಕರೆ ಹಚ್ಚುವುದು, ರಿಂಗ್ ಮಾಡಿಸುವುದು, ಮುಗಿಸುವುದು ಇವೆಲ್ಲ ಸಿಪ್ ಎಂಬ ಪ್ರೋಟೋಕಾಲ್‌ನ ಕೆಲಸ. ಧ್ವನಿಯನ್ನು ಹೊರುವುದು ಆರ್‌ಟಿಪಿ. ಸಿಪ್‌ನ ಮೊದಲ ಮಾನದಂಡ ಬಂದದ್ದು 1999ರಲ್ಲಿ. ಈಗಲೂ ಆಧಾರವಾಗಿರುವ ಆರ್‌ಎಫ್‌ಸಿ 3261 ಬಂದದ್ದು 2002ರಲ್ಲಿ.

ಹಳೆಯದರಲ್ಲಿ ಗುಣಮಟ್ಟ ಜಾಲದ ರಚನೆಯಲ್ಲೇ ಇತ್ತು. ಹೊಸದರಲ್ಲಿ ಅದನ್ನು ನಾವು ಕಟ್ಟಬೇಕು, ಪ್ರತಿದಿನ ಕಾಯಬೇಕು.

ಅಂದ್ರೆ ಇನ್ಮೇಲೆ ನಮ್ಮ ಕರೆಗಳು ಇಂಟರ್ನೆಟ್‌ನಲ್ಲಿ ಹೋಗುತ್ತವಾ?

ಹೆಚ್ಚಾಗಿ ಇಲ್ಲ. ಐಪಿ ತಂತ್ರಜ್ಞಾನ ಬೇರೆ, ಸಾರ್ವಜನಿಕ ಇಂಟರ್ನೆಟ್ ಬೇರೆ. ಫೋನ್ ಕಂಪನಿ ತನ್ನದೇ ಖಾಸಗಿ ಐಪಿ ಜಾಲದಲ್ಲಿ ಕರೆಗಳನ್ನು ಸಾಗಿಸುತ್ತದೆ. ಅಲ್ಲಿ ಧ್ವನಿ ಪ್ಯಾಕೆಟ್‌ಗಳಿಗೆ ಮೊದಲ ಆದ್ಯತೆ ಇರುತ್ತದೆ. ರೂಟರ್‌ನಲ್ಲಿ ಸಾಲು ಬೆಳೆದರೆ ವಿಡಿಯೋ ಕಾಯುತ್ತದೆ, ಧ್ವನಿ ಮುಂದೆ ಹೋಗುತ್ತದೆ. ಆ ಆದ್ಯತೆಯನ್ನು ಪ್ಯಾಕೆಟ್‌ನ ಮೇಲೇ ಗುರುತು ಹಾಕಿರುತ್ತಾರೆ, ಸಾಮಾನ್ಯವಾಗಿ ಡಿಎಸ್‌ಸಿಪಿ ಎಂಬ ಆದ್ಯತೆಯ ಸಂಖ್ಯೆ 46. ದಾರಿಯಲ್ಲಿ ಒಂದೇ ಒಂದು ರೂಟರ್ ಆ ಗುರುತನ್ನು ಅಳಿಸಿದರೂ ಮುಂದೆ ಆದ್ಯತೆ ಸಿಗುವುದಿಲ್ಲ. ಹಾಗಾಗಿ ಮೊದಲ ರೂಟರ್‌ನಿಂದ ಕೊನೆಯ ರೂಟರ್‌ವರೆಗೂ ಅದು ಉಳಿದಿದೆಯೇ ಎಂದು ನೋಡಲೇಬೇಕು. ಬೇರೆ ಕಂಪನಿಯ ಬ್ರಾಡ್‌ಬ್ಯಾಂಡ್ ಮೇಲೆ ಕೂತು ಓಡುವ ಫೋನ್ ಸೇವೆಗಳಿಗೆ ಈ ಸೌಲಭ್ಯ ಇರುವುದಿಲ್ಲ.

ಸಾಫ್ಟ್‌ಸ್ವಿಚ್, ಐಎಂಎಸ್, ಎಸ್‌ಬಿಸಿ, ಮೀಡಿಯಾ ಗೇಟ್‌ವೇ... ಇವೆಲ್ಲ ಏನು?

ಹಳೆಯ ಎಕ್ಸ್‌ಚೇಂಜ್ ಒಂದೇ ಪೆಟ್ಟಿಗೆಯೊಳಗೆ ಎರಡು ಕೆಲಸ ಮಾಡುತ್ತಿತ್ತು. ಕರೆ ಎಲ್ಲಿಗೆ ಹೋಗಬೇಕು ಎಂದು ಯೋಚಿಸುವುದು ಒಂದು, ಧ್ವನಿಯನ್ನು ಅಲ್ಲಿಗೆ ತಲುಪಿಸುವುದು ಇನ್ನೊಂದು. ಹೊಸ ಪದ್ಧತಿ ಇವೆರಡನ್ನೂ ಬೇರೆ ಮಾಡಿತು. ಯೋಚಿಸುವ ಭಾಗ ಸಾಫ್ಟ್‌ಸ್ವಿಚ್. ಅದು ಸಾಮಾನ್ಯ ಸರ್ವರ್‌ನಲ್ಲಿ ಓಡುವ ಸಾಫ್ಟ್‌ವೇರ್, ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿ ಇರಬಹುದು. ಹಳೆಯ ಟ್ರಂಕ್ ಮತ್ತು ಐಪಿ ನಡುವೆ ಧ್ವನಿಯನ್ನು ಬದಲಿಸಿ ಕೊಡುವುದು ಮೀಡಿಯಾ ಗೇಟ್‌ವೇ.

ಐಎಂಎಸ್ ಇದೇ ಯೋಚನೆಯ ದೊಡ್ಡ ರೂಪ. ಮೊಬೈಲ್ ಮಾನದಂಡಗಳನ್ನು ಬರೆಯುವ 3ಜಿಪಿಪಿ ಸಂಸ್ಥೆ ಇದನ್ನು ಮೊಬೈಲ್ ಜಾಲಗಳಿಗಾಗಿ ತನ್ನ ರಿಲೀಸ್ 5ರಲ್ಲಿ ತಂದಿತು. ಈಗ ಸ್ಥಿರ ಫೋನೂ ಮೊಬೈಲೂ ಒಂದೇ ಐಎಂಎಸ್ ಮೇಲೆ ಓಡಬಹುದು. ಹೊಸದಾಗಿ ಶುರು ಮಾಡುವವರು ನೇರವಾಗಿ ಇದಕ್ಕೇ ಹೋಗುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನಡುವೆ ಸಾಫ್ಟ್‌ಸ್ವಿಚ್‌ನಲ್ಲಿ ನಿಂತರೆ ಕೆಲವೇ ವರ್ಷಗಳಲ್ಲಿ ಎರಡನೇ ಸಲ ಗಂಟುಮೂಟೆ ಕಟ್ಟಬೇಕಾಗುತ್ತದೆ.

ಎಸ್‌ಬಿಸಿ ಎಂದರೆ ಗಡಿ ಕಾಯುವವನು. ಹೊರಗಿನ ಜಾಲದಿಂದ ಬರುವ ಪ್ರತಿ ಸಿಪ್ ಸಂದೇಶವನ್ನೂ ನೋಡಿ ಒಳಗೆ ಬಿಡುತ್ತದೆ. ಒಳಗಿನ ವಿಳಾಸಗಳನ್ನು ಹೊರಗಿನವರಿಗೆ ಕಾಣದಂತೆ ಮರೆ ಮಾಡುತ್ತದೆ. ಎರಡು ಕಂಪನಿಗಳ ಸಿಪ್ ಸ್ವಲ್ಪ ಬೇರೆಯಿದ್ದರೆ ಹೊಂದಿಸಿ ಕೊಡುತ್ತದೆ. ಬೇರೆ ಬೇರೆ ತಯಾರಕರ ಸಿಪ್ ಯಾವಾಗಲೂ ಸ್ವಲ್ಪ ಬೇರೆಯೇ ಇರುತ್ತದೆ, ಅದಕ್ಕೆ ಸಿದ್ಧರಾಗಿಯೇ ಹೊರಡಿ.

ಒಂದು ಕರೆಗೆ ಎಷ್ಟು ಬ್ಯಾಂಡ್‌ವಿಡ್ತ್ ಬೇಕು?

ಲೆಕ್ಕ ಸುಲಭ. ಜಿ.711ನಲ್ಲಿ 20 ಮಿಲಿಸೆಕೆಂಡಿನ ಧ್ವನಿ ಎಂದರೆ 160 ಬೈಟ್. ಅದರ ಮೇಲೆ ವಿಳಾಸ ಮುಂತಾದ ವಿವರ ಹೊರುವ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್‌ಗಳು ಸೇರಿ 40 ಬೈಟ್. ಒಟ್ಟು 200 ಬೈಟ್, ಸೆಕೆಂಡಿಗೆ 50 ಪ್ಯಾಕೆಟ್. ಅಂದರೆ ಒಂದು ದಿಕ್ಕಿಗೆ 80 ಕಿಲೋಬಿಟ್. ಎತರ್ನೆಟ್‌ನ ಹೆಡರ್ ಸೇರಿದರೆ ಸುಮಾರು 87.

ಜಿ.729 ಎಂಬ ಕೋಡೆಕ್ (ಧ್ವನಿಯನ್ನು ಬಿಟ್‌ಗಳಾಗಿ ಬರೆಯುವ ವಿಧಾನ) ಧ್ವನಿಯನ್ನು 8 ಕಿಲೋಬಿಟ್‌ಗೆ ಹಿಂಡುತ್ತದೆ. ಹಾಗಾದರೆ ಬ್ಯಾಂಡ್‌ವಿಡ್ತ್ ಎಂಟರಲ್ಲಿ ಒಂದು ಭಾಗ ಸಾಕು ಅನಿಸುತ್ತದೆ, ಅಲ್ವಾ? ಆದರೆ ಧ್ವನಿ 20 ಬೈಟ್‌ಗೆ ಇಳಿದರೂ ಹೆಡರ್ 40 ಬೈಟ್ ಹಾಗೇ ಇರುತ್ತದೆ. ಒಟ್ಟು 24 ಕಿಲೋಬಿಟ್ ಬೇಕು. ಚೀಲಕ್ಕಿಂತ ಚೀಲದ ಮೇಲಿನ ಚೀಟಿಯೇ ಭಾರ.

10,000 ಕರೆಗಳು ಒಟ್ಟಿಗೆ ನಡೆದರೂ ಜಿ.711ನಲ್ಲಿ ಒಂದು ದಿಕ್ಕಿಗೆ 1 ಗಿಗಾಬಿಟ್ ಮುಟ್ಟುವುದಿಲ್ಲ. ಆದರೆ ಅದು ಸೆಕೆಂಡಿಗೆ 5 ಲಕ್ಷ ಸಣ್ಣ ಪ್ಯಾಕೆಟ್. ಹಾಗಾಗಿ ಎಸ್‌ಬಿಸಿ ಕೊಳ್ಳುವಾಗ ಗಿಗಾಬಿಟ್ ಕೇಳಬೇಡಿ. ಸೆಕೆಂಡಿಗೆ ಎಷ್ಟು ಪ್ಯಾಕೆಟ್, ಎಷ್ಟು ಹೊಸ ಕರೆ ತಾಳುತ್ತದೆ ಎಂದು ಕೇಳಿ. ಫೈಬರ್ ಜಾಲದಲ್ಲಿ ಉಳಿತಾಯಕ್ಕೆಂದು ಧ್ವನಿಯನ್ನು ಹಿಂಡುವುದು ನನಗೆ ಸರಿ ಕಾಣುವುದಿಲ್ಲ. ಉಳಿಯುವುದು ಕಡಿಮೆ, ಕೆಡುವುದು ಜಾಸ್ತಿ.

ಮಾತು ಮೊದಲಿನಷ್ಟೇ ಸ್ಪಷ್ಟವಾಗಿ ಕೇಳುತ್ತಾ?

ಸರಿಯಾಗಿ ಕಟ್ಟಿದರೆ ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ. ಹಳೆಯ ಫೋನ್ 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. 'ಸ' ಮತ್ತು 'ಫ' ಫೋನಿನಲ್ಲಿ ಒಂದೇ ಥರ ಕೇಳುತ್ತಿದ್ದದ್ದು ಇದಕ್ಕೇ. ಜಿ.722ನಂಥ ವೈಡ್‌ಬ್ಯಾಂಡ್ ಕೋಡೆಕ್ 7,000 ಹರ್ಟ್ಸ್‌ವರೆಗೆ ಹೋಗುತ್ತದೆ. ಎದುರಿನವರು ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಇರುತ್ತದೆ. ಆದರೆ ಎರಡೂ ತುದಿಯ ಫೋನ್ ಮತ್ತು ನಡುವಿನ ಇಡೀ ದಾರಿ ಅದನ್ನು ಒಪ್ಪಬೇಕು. ಒಂದು ಕಡೆ ಹಳೆಯ ಟ್ರಂಕ್ ಬಂದರೆ ಕರೆ ಮತ್ತೆ ಕಿರಿದಾದ ಧ್ವನಿಗೇ ಇಳಿಯುತ್ತದೆ.

ಕೆಡಿಸುವವು ಮೂರು. ತಡ, ಏರುಪೇರು (ಪ್ಯಾಕೆಟ್‌ಗಳು ಸಮನಾದ ಅಂತರದಲ್ಲಿ ಬಾರದಿರುವುದು), ನಷ್ಟ (ಪ್ಯಾಕೆಟ್ ದಾರಿಯಲ್ಲೇ ಕಳೆದುಹೋಗುವುದು). ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ಮಾತು ತಲುಪಿದರೆ ಹೆಚ್ಚಿನವರಿಗೆ ತೊಂದರೆ ಅನಿಸುವುದಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುನ ಜಿ.114 ಶಿಫಾರಸು ಹೇಳುತ್ತದೆ. 400 ದಾಟುವಂತೆ ಜಾಲ ಕಟ್ಟಲೇಬಾರದು. ತಡ ಹೆಚ್ಚಾದಾಗ ಮಾತು ಅಸ್ಪಷ್ಟವಾಗುವುದಿಲ್ಲ, ಮಾತಿನ ಸರದಿ ತಪ್ಪುತ್ತದೆ. ಇಬ್ಬರೂ ಒಟ್ಟಿಗೆ ಶುರು ಮಾಡುತ್ತಾರೆ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಗ್ರಾಹಕರು ಇದನ್ನು ತಡ ಎಂದು ಹೇಳುವುದಿಲ್ಲ. 'ಲೈನ್ ಸರಿಯಿಲ್ಲ' ಎನ್ನುತ್ತಾರೆ.

ಏರುಪೇರಿಗೆ ಮದ್ದು ಜಿಟರ್ ಬಫರ್. ಬಂದ ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು, ಸಮನಾದ ಲಯದಲ್ಲಿ ಬಿಡುತ್ತದೆ. ಆ ಹಿಡಿದಿಟ್ಟ ಹೊತ್ತೂ ತಡಕ್ಕೇ ಸೇರುತ್ತದೆ. ಬಫರ್ ದೊಡ್ಡದು ಮಾಡಿ ಸಮಸ್ಯೆ ಮುಚ್ಚುವ ಅಭ್ಯಾಸ ಹಲವು ಕಡೆ ಇದೆ. ಏರುಪೇರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ.

ಮೊದಲು ಇಲ್ಲದ ಪ್ರತಿಧ್ವನಿ ಈಗ ಯಾಕೆ ಕೇಳಿಸುತ್ತೆ?

ಪ್ರತಿಧ್ವನಿ ಮೊದಲೂ ಇತ್ತು. ಎರಡು ತಂತಿಯ ಲೈನ್ ನಾಲ್ಕು ತಂತಿಗೆ ಬದಲಾಗುವ ಹೈಬ್ರಿಡ್ ಎಂಬ ಜಾಗದಲ್ಲಿ ಧ್ವನಿಯ ಒಂದಂಶ ವಾಪಸ್ ಬರುತ್ತದೆ. ಹಳೆಯ ಜಾಲದಲ್ಲಿ ಅದು ಎಷ್ಟು ಬೇಗ ಮರಳುತ್ತಿತ್ತು ಎಂದರೆ, ನಿಮ್ಮದೇ ಮಾತಿನೊಳಗೆ ಸೇರಿಹೋಗುತ್ತಿತ್ತು. ಐಪಿಯಲ್ಲಿ ತಡ ಹೆಚ್ಚಿರುವುದರಿಂದ ಅದು ಬೇರೆಯಾಗಿ ಕೇಳುತ್ತದೆ. ಗೇಟ್‌ವೇಯ ಎಕೋ ಕ್ಯಾನ್ಸಲರ್ ಸರಿಯಾಗಿ ಹೊಂದಿಸಿದರೆ ಹೋಗುತ್ತದೆ. ನೆನಪಿಡಿ, ನಿಮಗೆ ಕೇಳುವ ಪ್ರತಿಧ್ವನಿ ಹುಟ್ಟುವುದು ಹೆಚ್ಚಾಗಿ ಎದುರಿನವರ ತುದಿಯಲ್ಲಿ.

ಯಾವುದನ್ನು ಮೊದಲು ಬದಲಿಸಬೇಕು?

ಒಳಗಿನಿಂದ ಹೊರಗೆ ಹೋಗಿ. ಮೊದಲು ಎಕ್ಸ್‌ಚೇಂಜ್‌ಗಳ ನಡುವಿನ ದೂರದ ಟ್ರಂಕ್‌ಗಳು. ಅಲ್ಲಿ ಬದಲಾವಣೆ ಆದದ್ದು ಗ್ರಾಹಕರಿಗೆ ಗೊತ್ತೂ ಆಗುವುದಿಲ್ಲ. ನಿಮ್ಮ ತಂಡವೂ ಅಷ್ಟರಲ್ಲಿ ಕೈ ಪಳಗಿಸಿಕೊಳ್ಳುತ್ತದೆ. ಆಮೇಲೆ ಬೇರೆ ಕಂಪನಿಗಳ ಜೊತೆಗಿನ ಕೊಂಡಿಗಳು. ಕೊನೆಗೆ ಚಂದಾದಾರರ ಲೈನ್‌ಗಳು.

ಆ ಕೊನೆಯ ಹಂತಕ್ಕೆ ಎರಡು ದಾರಿ ಇದೆ. ಒಂದು, ಮನೆಯವರೆಗಿನ ತಾಮ್ರದ ತಂತಿಯನ್ನು ಹಾಗೇ ಬಿಟ್ಟು, ಎಕ್ಸ್‌ಚೇಂಜ್‌ನ ಕಡೆ ಮಾತ್ರ ಹೊಸ ಉಪಕರಣ ಕೂರಿಸುವುದು. ಜಪಾನಿನಲ್ಲಿ ಎನ್‌ಟಿಟಿ ಈಸ್ಟ್ ಮತ್ತು ವೆಸ್ಟ್ ಎಂಬ ಫೋನ್ ಕಂಪನಿಗಳು ಮಾಡಿದ್ದು ಇದನ್ನೇ. 2024ರ ಜನವರಿಯಲ್ಲಿ ಶುರು ಮಾಡಿ ಸುಮಾರು ಒಂದು ವರ್ಷದಲ್ಲಿ ಸ್ಥಿರ ಫೋನ್‌ಗಳನ್ನು ಐಪಿ ಜಾಲಕ್ಕೆ ತಂದರು. ಮನೆಯಲ್ಲಿದ್ದ ಫೋನ್, ತಂತಿ, ನಂಬರ್ ಯಾವುದೂ ಬದಲಾಗಲಿಲ್ಲ.

ಇನ್ನೊಂದು ದಾರಿಯಲ್ಲಿ ತಾಮ್ರವೂ ಹೋಗುತ್ತದೆ. ಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತದೆ, ಫೋನನ್ನು ರೂಟರ್‌ಗೋ ಒಂದು ಸಣ್ಣ ಅಡಾಪ್ಟರ್‌ಗೋ ಚುಚ್ಚಬೇಕು. ಬ್ರಿಟನ್ ಹಿಡಿದದ್ದು ಈ ದಾರಿ. ಹಳೆಯ ಜಾಲ ನಿಲ್ಲಿಸಲು ಮೊದಲು 2025ರ ಡಿಸೆಂಬರ್ ಎಂದಿದ್ದರು. ಆಮೇಲೆ ಅಲ್ಲಿನ ದೊಡ್ಡ ಫೋನ್ ಕಂಪನಿ ಬಿಟಿ ಅದನ್ನು 2027ರ ಜನವರಿಗೆ ಮುಂದೂಡಿತು. ತುರ್ತು ಅಲಾರ್ಮ್ ನೆಚ್ಚಿಕೊಂಡ ವಯಸ್ಸಾದವರ, ಕಾಯಿಲೆಯವರ ಲೈನ್‌ಗಳನ್ನು ಸುರಕ್ಷಿತವಾಗಿ ಸಾಗಿಸಲು ಸಮಯ ಬೇಕಾಯಿತು. ದಿನಾಂಕ ಮುಂದೆ ಹೋದದ್ದು ಸೋಲಲ್ಲ. ನನಗೆ ಅದು ಸರಿಯಾದ ತೀರ್ಮಾನ ಎಂದೇ ಕಾಣುತ್ತದೆ.

ಕರೆಂಟ್ ಹೋದರೆ ಫೋನ್ ಕೆಲಸ ಮಾಡುತ್ತಾ?

ಇಡೀ ಬದಲಾವಣೆಯಲ್ಲಿ ಜನರಿಗೆ ಅತಿ ಹೆಚ್ಚು ತಟ್ಟುವ ವಿಷಯ ಇದು. ಹಳೆಯ ಲ್ಯಾಂಡ್‌ಲೈನ್‌ಗೆ ಬೇಕಾದ ವಿದ್ಯುತ್ ಎಕ್ಸ್‌ಚೇಂಜ್‌ನಿಂದಲೇ ಅದೇ ಎರಡು ತಂತಿಯಲ್ಲಿ ಬರುತ್ತಿತ್ತು. 48 ವೋಲ್ಟ್ ಡಿಸಿ. ಎಕ್ಸ್‌ಚೇಂಜ್‌ನಲ್ಲಿ ದೊಡ್ಡ ಬ್ಯಾಟರಿ ಸಾಲು, ಅದರ ಹಿಂದೆ ಜನರೇಟರ್. ಊರೆಲ್ಲ ಕತ್ತಲಾದರೂ ಫೋನ್ ಎತ್ತಿದರೆ ಡಯಲ್ ಟೋನ್ ಕೇಳುತ್ತಿತ್ತು. ಎಷ್ಟೋ ತಲೆಮಾರುಗಳು ಇದನ್ನು ಯೋಚಿಸದೇ ನಂಬಿಕೊಂಡು ಬಂದವು.

ಫೈಬರ್‌ನಲ್ಲಿ ವಿದ್ಯುತ್ ಹರಿಯುವುದಿಲ್ಲ. ಮನೆಯ ಪೆಟ್ಟಿಗೆಗೆ ಮನೆಯದೇ ಕರೆಂಟ್ ಬೇಕು. ಅದು ಹೋದರೆ ಫೋನೂ ಹೋಯಿತು. ಪರಿಹಾರ ಬ್ಯಾಟರಿ ಬ್ಯಾಕಪ್. ಬೇರೆ ದಾರಿಯಿಲ್ಲದ ಗ್ರಾಹಕರಿಗೆ ಕರೆಂಟ್ ಹೋದರೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಆಗುವಂತಿರಬೇಕು ಎಂದು ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಕ ಆಫ್‌ಕಾಮ್ ಹೇಳುತ್ತದೆ. ಒಂದು ಗಂಟೆ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿರುಗಾಳಿಗೆ ಕಂಬ ಬಿದ್ದರೆ ಒಂದು ಗಂಟೆಯಲ್ಲಿ ಯಾರೂ ಬಂದು ಎತ್ತುವುದಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಬ್ಯಾಟರಿ ಇದ್ದರೆ ಸಾಲದು. ಬೀದಿಯ ಕ್ಯಾಬಿನೆಟ್, ಹಲವು ಲೈನ್‌ಗಳನ್ನು ಒಟ್ಟುಗೂಡಿಸುವ ಅಗ್ರಿಗೇಷನ್ ಸ್ವಿಚ್, ಹತ್ತಿರದ ಮೊಬೈಲ್ ಟವರ್ ಎಲ್ಲದಕ್ಕೂ ಬ್ಯಾಕಪ್ ಎಷ್ಟು ಹೊತ್ತು ಎಂದು ಬರೆದಿಟ್ಟುಕೊಳ್ಳಿ. ಅದರಲ್ಲಿ ಅತಿ ಕಡಿಮೆ ಯಾವುದೋ ಅದೇ ನಿಮ್ಮ ಸೇವೆಯ ಆಯುಸ್ಸು. 'ಮೊಬೈಲ್ ಇದೆಯಲ್ಲ' ಎನ್ನುವ ಉತ್ತರವೂ ಸರಿಯಲ್ಲ. ಅದೇ ಕರೆಂಟ್, ಅದೇ ಫೈಬರ್ ಮೇಲೆ ಆ ಟವರೂ ನಿಂತಿರಬಹುದು.

ಫ್ಯಾಕ್ಸ್, ಅಲಾರ್ಮ್, ಲಿಫ್ಟ್ ಫೋನ್ ಇವೆಲ್ಲ ನಡೆಯುತ್ತವಾ?

ಕೆಲವು ನಡೆಯುತ್ತವೆ, ಕೆಲವು ಇಲ್ಲ. ಇನ್ನು ಕೆಲವು ಹತ್ತರಲ್ಲಿ ಎಂಟು ಸಲ ನಡೆಯುತ್ತವೆ, ಅತಿ ಅಪಾಯದವು ಈ ಕೊನೆಯವೇ.

ಫೋನ್ ಲೈನ್ ಮನುಷ್ಯರ ಮಾತಿಗಾಗಿ ಎಂದು ನಾವು ತಿಳಿದಿದ್ದೇವೆ. ಆದರೆ ಎಷ್ಟೋ ವರ್ಷಗಳಿಂದ ಯಂತ್ರಗಳೂ ಅದರಲ್ಲಿ ಮಾತಾಡುತ್ತಿವೆ. ಫ್ಯಾಕ್ಸ್, ಕಾರ್ಡ್ ಉಜ್ಜುವ ಯಂತ್ರ, ಕಳ್ಳತನದ ಅಲಾರ್ಮ್, ಬೆಂಕಿ ಅಲಾರ್ಮ್, ಪಂಪ್‌ಹೌಸ್‌ನ ಮಾಪಕ, ವಯಸ್ಸಾದವರು ಕೊರಳಲ್ಲಿ ಹಾಕಿಕೊಳ್ಳುವ ಸಹಾಯದ ಬಟನ್. ಇವೆಲ್ಲ ಮಾಡೆಮ್ ಸದ್ದಿನಲ್ಲೋ ಡಿಟಿಎಂಎಫ್ (ಫೋನಿನ ಗುಂಡಿ ಒತ್ತಿದಾಗ ಬರುವ) ಸದ್ದಿನಲ್ಲೋ ಮಾತಾಡುತ್ತವೆ. ಕಿವಿಗೆ ಗೊತ್ತಾಗದಷ್ಟು ಸಣ್ಣ ತುಂಡು ಕಳೆದುಹೋದರೂ ಮಾಡೆಮ್‌ಗೆ ಅದು ದೊಡ್ಡ ಪೆಟ್ಟು. ಜಿ.729ನಂಥ ಕೋಡೆಕ್‌ಗಳನ್ನು ಮಾಡಿದ್ದು ಮನುಷ್ಯರ ಧ್ವನಿಗೆ. ಮಾಡೆಮ್ ಸದ್ದನ್ನು ಅವು ಗುರುತು ಸಿಗದಂತೆ ಮಾಡುತ್ತವೆ.

ಫ್ಯಾಕ್ಸ್‌ಗೆ 1998ರಲ್ಲೇ ಟಿ.38 ಎಂಬ ಮಾನದಂಡ ಬಂತು. ಅದು ಸದ್ದನ್ನು ಸಾಗಿಸದೆ ಫ್ಯಾಕ್ಸ್‌ನ ಡೇಟಾವನ್ನೇ ಸಾಗಿಸುತ್ತದೆ. ದಾರಿಯಲ್ಲಿರುವ ಎಲ್ಲ ಉಪಕರಣಗಳೂ ಅದನ್ನು ಒಪ್ಪಿದರೆ ಚೆನ್ನಾಗಿ ಓಡುತ್ತದೆ. ಡಿಟಿಎಂಎಫ್ ಅನ್ನು ಧ್ವನಿಯಾಗಿ ಕಳಿಸದೆ ಬೇರೆ ಪ್ಯಾಕೆಟ್‌ನಲ್ಲಿ ಕಳಿಸಲು ಆರ್‌ಎಫ್‌ಸಿ 4733 ಇದೆ. ಒಂದು ತುದಿ ಅದನ್ನು ಬಳಸಿ ಇನ್ನೊಂದು ಬಳಸದಿದ್ದರೆ, ಬ್ಯಾಂಕಿನ ಸಹಾಯವಾಣಿಯಲ್ಲಿ ಒಂದು ಒತ್ತಿದರೂ ಅಲ್ಲಿಗೆ ಏನೂ ತಲುಪುವುದಿಲ್ಲ. ಹಳೆಯ ತಿರುಗಿಸುವ ಡಯಲ್‌ನ ಫೋನ್ ಇಟ್ಟುಕೊಂಡವರಿಗೆ ಮೊದಲೇ ಹೇಳಿ, ಹಲವು ಅಡಾಪ್ಟರ್‌ಗಳಿಗೆ ಪಲ್ಸ್ ಡಯಲಿಂಗ್ ಅರ್ಥವಾಗುವುದಿಲ್ಲ.

ನಾನೇ ಕಂಡ ಒಂದು ಘಟನೆ ಹೇಳುತ್ತೇನೆ. ಒಂದು ಎಕ್ಸ್‌ಚೇಂಜ್‌ನ ಕಟ್‌ಓವರ್, ಅಂದರೆ ಲೈನ್‌ಗಳನ್ನು ಹೊಸ ಜಾಲಕ್ಕೆ ಸರಿಸುವ ಕೆಲಸ, ಮುಗಿದಿತ್ತು. ದೂರುಗಳು ಬೆರಳೆಣಿಕೆಯಷ್ಟು. ಎಲ್ಲರೂ ಸಮಾಧಾನದಲ್ಲಿದ್ದೆವು. ಕೆಲವು ದಿನಗಳಾದ ಮೇಲೆ ಒಂದು ಕಟ್ಟಡದ ಲಿಫ್ಟ್‌ನಲ್ಲಿ ಒಬ್ಬರು ಸಿಕ್ಕಿಹಾಕಿಕೊಂಡರು. ಒಳಗಿನ ತುರ್ತು ಫೋನ್ ಒತ್ತಿದರೆ ಸದ್ದೇ ಇಲ್ಲ. ನಮ್ಮ ದಾಖಲೆಯಲ್ಲಿ ಅದು 'ಸಾಮಾನ್ಯ ಲೈನ್, ಒಂದು' ಅಷ್ಟೇ. ತಿಂಗಳುಗಟ್ಟಲೆ ಅದರಿಂದ ಕರೆಯೇ ಹೋಗಿರಲಿಲ್ಲ. ಹಾಗಾಗಿ ಯಾರೂ ಬಳಸದ ಲೈನ್ ಎಂದು ಪಟ್ಟಿಯ ಕೊನೆಗೆ ಹಾಕಿದ್ದೆವು. ಅವರನ್ನು ಬೇಗ ಹೊರಗೆ ತಂದರು, ಏನೂ ಆಗಲಿಲ್ಲ. ಆದರೆ ಆ ಪಟ್ಟಿ ಮಾಡಿದವರಲ್ಲಿ ನಾನೂ ಇದ್ದೆ. ಅಂದಿನಿಂದ ಕರೆ ಹೋಗದ ಲೈನ್‌ಗಳನ್ನೇ ಮೊದಲು ನೋಡುತ್ತೇನೆ. ಸದಾ ಸುಮ್ಮನಿರುವ ಲೈನ್ ಒಂದೋ ಯಾರಿಗೂ ಬೇಡದ್ದು, ಇಲ್ಲವೇ ಅತಿ ಮುಖ್ಯವಾದದ್ದು. ಎರಡರಲ್ಲಿ ಯಾವುದು ಎಂದು ಬಿಲ್ಲಿಂಗ್ ಕಂಪ್ಯೂಟರ್ ಹೇಳುವುದಿಲ್ಲ. ಯಾರಾದರೂ ಹೋಗಿ ಆ ತಂತಿಯ ತುದಿ ನೋಡಿಕೊಂಡು ಬರಬೇಕು.

ತುರ್ತು ಕರೆ ಮಾಡಿದರೆ ನಾನು ಎಲ್ಲಿದ್ದೇನೆ ಅಂತ ಗೊತ್ತಾಗುತ್ತಾ?

ಹಳೆಯ ಲೈನ್ ಒಂದು ಮನೆಗೆ ಅಂಟಿಕೊಂಡಿತ್ತು. ನಂಬರ್ ಗೊತ್ತಾದರೆ ವಿಳಾಸ ಗೊತ್ತಾದ ಹಾಗೆ. ಐಪಿ ಅಡಾಪ್ಟರ್ ಅನ್ನು ಚೀಲದಲ್ಲಿ ಹಾಕಿಕೊಂಡು ಬೇರೆ ಊರಿಗೆ ಹೋಗಬಹುದು. ಅಲ್ಲಿಂದ ಮಾಡಿದ ತುರ್ತು ಕರೆ ಹಳೆಯ ಊರಿನ ಕೇಂದ್ರಕ್ಕೆ ಹೋಗಿ, ಆಂಬುಲೆನ್ಸ್ ಹಳೆಯ ಮನೆ ಬಾಗಿಲಿಗೆ ನಿಲ್ಲಬಹುದು. ಆದ್ದರಿಂದ ಸೇವೆಯನ್ನು ಒಂದೇ ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಕಟ್ಟಿಹಾಕಿ, ಇಲ್ಲವೇ ಜಾಗ ಬದಲಾದಾಗ ಗ್ರಾಹಕರಿಂದ ವಿಳಾಸ ಕೇಳಿ ಪಡೆಯಿರಿ. ಕಟ್‌ಓವರ್ ಆದ ಪ್ರತಿ ಪ್ರದೇಶದಿಂದಲೂ ತುರ್ತು ಸಂಖ್ಯೆಗೆ ಪರೀಕ್ಷಾ ಕರೆ ಮಾಡಿ, ಕೇಂದ್ರದವರ ಪರದೆಯಲ್ಲಿ ಯಾವ ವಿಳಾಸ ಬಂತು ಎಂದು ಅವರಿಂದಲೇ ಕೇಳಿ ತಿಳಿಯಿರಿ. ಅವರಿಗೆ ಮೊದಲೇ ತಿಳಿಸಿ ಮಾಡಬೇಕು.

ನನ್ನ ನಂಬರ್ ಬದಲಾಗುತ್ತಾ?

ಇಲ್ಲ. ಇ.164 ಎಂಬ ಅಂತರರಾಷ್ಟ್ರೀಯ ಪದ್ಧತಿಯ ನಂಬರ್‌ಗೂ ಕೆಳಗಿನ ತಂತ್ರಜ್ಞಾನಕ್ಕೂ ಸಂಬಂಧವಿಲ್ಲ. ಆದರೆ ಊರೊಳಗಿನ ಕರೆಗೆ ಕೋಡ್ ಇಲ್ಲದೆ ಡಯಲ್ ಮಾಡುವಂಥ ಹಳೆಯ ಅಭ್ಯಾಸಗಳನ್ನು ಹೊಸ ಡಯಲ್ ಪ್ಲಾನ್‌ನಲ್ಲಿ ಮರೆಯದೆ ಬರೆಯಬೇಕು.

ಬೇರೆ ಕಂಪನಿ ಇನ್ನೂ ಹಳೆಯದರಲ್ಲೇ ಇದ್ದರೆ?

ವರ್ಷಗಟ್ಟಲೆ ಹಾಗೇ ಇರುತ್ತದೆ. ಹಳೆಯ ಜಾಲದ ಸಿಗ್ನಲಿಂಗ್ (ಕರೆ ಹಚ್ಚಲು, ಮುಗಿಸಲು ಯಂತ್ರಗಳು ಆಡುವ ಭಾಷೆ) ಎಸ್‌ಎಸ್7, ಹೊಸದು ಸಿಪ್. ನಡುವೆ ಅನುವಾದಕ ಬೇಕು. ಎಸ್‌ಎಸ್7ನ ಐಸಪ್ ಎಂಬ ಕರೆ ಸಂದೇಶವನ್ನು ಸಿಪ್‌ನೊಳಗೆ ಹಾಗೇ ಇಟ್ಟು ಕಳಿಸುವ ಸಿಪ್-ಐ ಎಂಬ ಪದ್ಧತಿಯೂ ಇದೆ. ಎರಡು ಹಳೆಯ ಜಾಲಗಳ ನಡುವೆ ನೀವು ಐಪಿಯಲ್ಲಿ ಕೂತಿದ್ದರೆ ಅದು ತುಂಬಾ ಉಪಯೋಗ, ಏನೂ ಕಳೆದುಹೋಗುವುದಿಲ್ಲ.

ಕರೆ ಪದೇ ಪದೇ ಐಪಿಯಿಂದ ಹಳೆಯದಕ್ಕೆ, ಮತ್ತೆ ಐಪಿಗೆ ಹಾರುವುದನ್ನು ತಪ್ಪಿಸಿ. ಪ್ರತಿ ಜಿಗಿತಕ್ಕೂ ಜಿಟರ್ ಬಫರ್ ಇದೆ, ತಡ ಇದೆ, ಕೋಡೆಕ್ ಬದಲಾದರೆ ಧ್ವನಿಯ ನಷ್ಟವೂ ಇದೆ.

ಭದ್ರತೆ ಹೇಗೆ?

ಹಳೆಯ ಜಾಲಕ್ಕೆ ಕನ್ನ ಹಾಕಲು ತಂತಿ ಮುಟ್ಟಬೇಕಿತ್ತು, ಇಲ್ಲವೇ ಎಸ್‌ಎಸ್7 ಕೊಂಡಿ ಬೇಕಿತ್ತು. ಐಪಿಯಲ್ಲಿ ಹೊರಗೆ ತೆರೆದ ಒಂದು ಸಿಪ್ ಪೋರ್ಟ್ ಸಾಕು, ಯಾವುದೋ ದೇಶದಿಂದ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಬಂದು ಬಡಿಯುತ್ತವೆ. ಒಂದು ಖಾತೆ ಸಿಕ್ಕಿದರೆ ದುಬಾರಿ ಅಂತರರಾಷ್ಟ್ರೀಯ ನಂಬರ್‌ಗಳಿಗೆ ರಾತ್ರಿಯೆಲ್ಲ ಕರೆ ಹೋಗುತ್ತದೆ. ವಾರಾಂತ್ಯದ ರಾತ್ರಿಗಳನ್ನು ಅವರು ಬೇಕೆಂದೇ ಆರಿಸುತ್ತಾರೆ. ಸಿಗ್ನಲಿಂಗ್‌ಗೆ ಟಿಎಲ್‌ಎಸ್, ಧ್ವನಿಗೆ ಎಸ್‌ಆರ್‌ಟಿಪಿ ಎಂಬ ಗೂಢಲಿಪಿ ಹಾಕಿ. ಪ್ರತಿ ಖಾತೆಗೂ ದಿನದ ಖರ್ಚಿನ ಮಿತಿ ಇಡಿ.

ಸುಳ್ಳು ನಂಬರ್ ತೋರಿಸಿ ಮೋಸ ಮಾಡುವುದೂ ಐಪಿಯಲ್ಲಿ ಸುಲಭವಾಯಿತು. ಅದಕ್ಕೆ ಉತ್ತರವಾಗಿ ಬಂದದ್ದು ಸ್ಟಿರ್/ಶೇಕನ್. ಕರೆ ಹುಟ್ಟಿಸಿದ ಕಂಪನಿ ಅದಕ್ಕೆ ಡಿಜಿಟಲ್ ಸಹಿ ಹಾಕುತ್ತದೆ. ಅಮೆರಿಕದಲ್ಲಿ ದೊಡ್ಡ ಕಂಪನಿಗಳಿಗೆ 2021ರ ಜೂನ್ 30ರಿಂದ ಐಪಿ ಜಾಲಗಳಲ್ಲಿ ಇದು ಕಡ್ಡಾಯ. ಆದರೆ ಆ ಸಹಿ ಹೋಗುವುದು ಸಿಪ್ ಹೆಡರ್‌ನಲ್ಲಿ. ದಾರಿಯಲ್ಲಿ ಒಂದು ಹಳೆಯ ಟ್ರಂಕ್ ಬಂದರೂ ಸಹಿ ಅಲ್ಲೇ ಉದುರಿಹೋಗುತ್ತದೆ. ಹಳೆಯ ಕೊಂಡಿಗಳನ್ನು ಬೇಗ ಮುಗಿಸಲು ಇದೂ ಒಂದು ಒಳ್ಳೆಯ ಕಾರಣ.

ಮೊಬೈಲ್ ಜಾಲದಲ್ಲೂ ಇದೇ ಕಥೆನಾ?

ಹೌದು. 4ಜಿಯಲ್ಲಿ ಸರ್ಕ್ಯೂಟ್ ಧ್ವನಿಯೇ ಇಲ್ಲ, ಅದು ಬರೀ ಪ್ಯಾಕೆಟ್ ಜಾಲ. ಮೊದಮೊದಲು ಕರೆ ಬಂದಾಗ ಫೋನ್ 3ಜಿ ಅಥವಾ 2ಜಿಗೆ ಇಳಿದು ಮಾತಾಡಿಸುತ್ತಿತ್ತು. 4ಜಿಯಲ್ಲೇ ಮಾತು ಸಾಗಿಸುವ ವೋಲ್ಟೆ ವಾಣಿಜ್ಯ ಸೇವೆ 2012ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ದಕ್ಷಿಣ ಕೊರಿಯಾದಲ್ಲಿ ಶುರುವಾಯಿತು. ಈಗ 2ಜಿ, 3ಜಿ ಮುಚ್ಚುವ ಕಡೆಗಳಲ್ಲಿ ವೋಲ್ಟೆ ಇಲ್ಲದ ಫೋನ್‌ಗಳಿಂದ ಕರೆ ಮಾಡಲು ಆಗುವುದಿಲ್ಲ.

ಒಂದು ಸಾಫ್ಟ್‌ಸ್ವಿಚ್ ಬಿದ್ದರೆ ಏನಾಗುತ್ತೆ?

ಹಳೆಯ ಎಕ್ಸ್‌ಚೇಂಜ್ ಕೆಟ್ಟರೆ ಒಂದು ಊರು ಮೌನವಾಗುತ್ತಿತ್ತು. ಈಗ ಬುದ್ಧಿಯೆಲ್ಲ ಎರಡು ಮೂರು ಡೇಟಾ ಸೆಂಟರ್‌ನಲ್ಲಿದೆ. ಅದು ಬಿದ್ದರೆ ಲಕ್ಷಾಂತರ ಜನರ ಫೋನ್ ನಿಲ್ಲುತ್ತದೆ. ಜೋಡಿ ಸರ್ವರ್ ಇಡುವುದು ಎಲ್ಲರಿಗೂ ಗೊತ್ತು. ಜನ ಮರೆಯುವುದು ಅದು ಮತ್ತೆ ಎದ್ದ ಗಳಿಗೆಯನ್ನು. ದೊಡ್ಡ ಪ್ರದೇಶಕ್ಕೆ ಕರೆಂಟ್ ಹೋಗಿ ಬಂದಿತು ಎಂದುಕೊಳ್ಳಿ. ಲಕ್ಷಾಂತರ ಅಡಾಪ್ಟರ್‌ಗಳು ಒಂದೇ ನಿಮಿಷದಲ್ಲಿ 'ನಾನು ಬಂದೆ' ಎಂದು ರಿಜಿಸ್ಟರ್ ಸಂದೇಶ ಕಳಿಸುತ್ತವೆ. ಉತ್ತರ ತಡವಾದರೆ ಮತ್ತೆ ಕಳಿಸುತ್ತವೆ. ಈ ನೂಕುನುಗ್ಗಲಿನಲ್ಲೇ ಸರ್ವರ್ ಮತ್ತೆ ಬೀಳಬಹುದು. ಅಡಾಪ್ಟರ್‌ಗಳು ಬೇರೆ ಬೇರೆ ಹೊತ್ತು ಕಾದು ಪ್ರಯತ್ನಿಸುವಂತೆ ಹೊಂದಿಸಿ. ಎಸ್‌ಬಿಸಿಯಲ್ಲಿ ಸೆಕೆಂಡಿಗೆ ಇಷ್ಟೇ ರಿಜಿಸ್ಟ್ರೇಷನ್ ಎಂದು ಮಿತಿ ಹಾಕಿ. ಆಮೇಲೆ ಇದನ್ನು ನಿಜವಾಗಿ ಪರೀಕ್ಷೆ ಮಾಡಿ.

ಕಟ್‌ಓವರ್ ದಿನ ಏನು ನೋಡಬೇಕು?

ಕಟ್‌ಓವರ್ ರಾತ್ರಿ ಮಾಡಿ, ಶುಕ್ರವಾರ ರಾತ್ರಿ ಬೇಡ. ಮಾರನೇ ದಿನ ಎಲ್ಲರೂ ಕಚೇರಿಯಲ್ಲಿ ಇರುವ ದಿನ ಆರಿಸಿ. ಸಾವಿರ ಲೈನ್ ಒಟ್ಟಿಗೆ ಸರಿಸುವ ಮೊದಲು ಹತ್ತು ಸರಿಸಿ, ಒಂದೆರಡು ದಿನ ಬಿಡಿ.

ಪರೀಕ್ಷಾ ಕರೆಯಲ್ಲಿ ರಿಂಗ್ ಆಯಿತು ಎಂದರೆ ಸಾಲದು, ಎರಡೂ ಕಡೆ ಮಾತು ಕೇಳಬೇಕು. ಐಪಿಯಲ್ಲಿ ಸಿಗ್ನಲಿಂಗ್ ಒಂದು ದಾರಿ, ಧ್ವನಿ ಇನ್ನೊಂದು ದಾರಿ ಹಿಡಿಯುತ್ತದೆ. ಹಾಗಾಗಿ ಕರೆ ಸೇರುತ್ತದೆ, ಬಿಲ್ ಓಡುತ್ತದೆ, ಆದರೆ ಒಬ್ಬರಿಗೆ ಮಾತ್ರ ಕೇಳುತ್ತದೆ. ಹೆಚ್ಚಾಗಿ ಫೈರ್‌ವಾಲ್‌ನಲ್ಲಿ ಆರ್‌ಟಿಪಿ ಪೋರ್ಟ್‌ಗಳು ತೆರೆದಿರುವುದಿಲ್ಲ, ಇಲ್ಲವೇ ನ್ಯಾಟ್‌ನ (ಒಳಗಿನ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ವ್ಯವಸ್ಥೆ) ಹಿಂದಿನ ತಪ್ಪು ವಿಳಾಸ ಹೋಗಿರುತ್ತದೆ. ಹದಿನೈದು ನಿಮಿಷ ದಾಟುವ ಕರೆಯನ್ನೂ ಮಾಡಿ. ಕರೆ ಇನ್ನೂ ಇದೆಯೇ ಎಂದು ಆಗಾಗ ವಿಚಾರಿಸುವ ಸೆಷನ್ ಟೈಮರ್ ತಪ್ಪಿದ್ದರೆ ಅದು ಸರಿಯಾಗಿ ಒಂದೇ ಹೊತ್ತಿಗೆ ಕಡಿದುಹೋಗುತ್ತದೆ. ಸಣ್ಣ ಪರೀಕ್ಷೆಯಲ್ಲಿ ಇದು ಎಂದೂ ಸಿಗುವುದಿಲ್ಲ.

ವಾಪಸ್ ಹೋಗುವ ದಾರಿಯನ್ನು ಮೊದಲೇ ಬರೆದಿಡಿ. ಎಷ್ಟು ಗಂಟೆಯೊಳಗೆ ಸರಿಯಾಗದಿದ್ದರೆ ಹಿಂದಿರುಗುವುದು, ಅದನ್ನು ಯಾರು ಹೇಳುವುದು ಎಂಬುದು ಹಗಲಲ್ಲೇ ತೀರ್ಮಾನವಾಗಿರಲಿ. ಬೆಳಗಿನ ಜಾವ ಮೂರಕ್ಕೆ ದಣಿದ ತಲೆಗಳು 'ಇನ್ನು ಹತ್ತು ನಿಮಿಷ' ಎನ್ನುತ್ತಲೇ ಇರುತ್ತವೆ.

ಖರ್ಚು ನಿಜವಾಗಲೂ ಕಡಿಮೆಯಾಗುತ್ತಾ?

ಕೊನೆಗೆ ಆಗುತ್ತದೆ. ನಡುವಿನ ವರ್ಷಗಳಲ್ಲಿ ಜಾಸ್ತಿಯೇ ಆಗುತ್ತದೆ, ಏಕೆಂದರೆ ಎರಡೂ ಜಾಲ ಓಡುತ್ತಿರುತ್ತವೆ. ಕೊನೆಯ ಕೆಲವು ಲೈನ್‌ಗಳು ಉಳಿದಿರುವವರೆಗೆ ಎಕ್ಸ್‌ಚೇಂಜ್‌ನ ದೀಪ ಆರಿಸಲಾಗುವುದಿಲ್ಲ. ಆದ್ದರಿಂದ ಒಂದೊಂದು ಎಕ್ಸ್‌ಚೇಂಜ್ ಪೂರ್ತಿ ಮುಗಿಸಿ ಮುಂದೆ ಹೋಗಿ. ಎಲ್ಲ ಕಡೆ ಅರ್ಧರ್ಧ ಮಾಡಿದರೆ ಉಳಿತಾಯ ಎಲ್ಲೂ ಕಾಣುವುದಿಲ್ಲ. ಹಳೆಯ ಸ್ವಿಚ್‌ನವರನ್ನು ಈ ಕೆಲಸದಿಂದ ಹೊರಗಿಡಬೇಡಿ. ಯಾವ ಜಂಪರ್ (ಜೋಡಣೆಯ ತಂತಿ) ಎಲ್ಲಿಗೆ ಹೋಗುತ್ತದೆ ಎಂಬುದು ಹಲವು ಕಡೆ ಅವರ ನೆನಪಿನಲ್ಲಿ ಮಾತ್ರ ಇರುತ್ತದೆ. ಅವರಿಗೆ ಪ್ಯಾಕೆಟ್ ಟ್ರೇಸ್ (ಹಾದುಹೋದ ಪ್ಯಾಕೆಟ್‌ಗಳ ದಾಖಲೆ) ಓದಲು ಕಲಿಸಿ. ಕರೆಯ ಮರ್ಮ ಗೊತ್ತಿರುವವರು ಅದನ್ನು ಬೇಗ ಹಿಡಿಯುತ್ತಾರೆ.

ಹಳೇ ಸ್ವಿಚ್‌ನ ಕರೆಂಟ್ ಯಾವಾಗ ತೆಗೆಯಬಹುದು?

ಕೊನೆಯ ಲೈನ್ ಸರಿದ ಮೇಲೂ ಕನಿಷ್ಠ ಒಂದು ತಿಂಗಳು ಕಾಯಿರಿ. ಆ ಅವಧಿಯಲ್ಲಿ ಟ್ರಂಕ್‌ಗಳ ಟ್ರಾಫಿಕ್ ಕೌಂಟರ್ ದಿನವೂ ನೋಡಿ. ಸೊನ್ನೆಯಾಗಬೇಕಾದ ಕಡೆ ದಿನಕ್ಕೆ ಎರಡು ಕರೆ ಕಂಡರೆ, ಎಲ್ಲೋ ಒಂದು ರೂಟಿಂಗ್ ಟೇಬಲ್ ಇನ್ನೂ ಇಲ್ಲಿಗೇ ಕಳಿಸುತ್ತಿದೆ ಎಂದರ್ಥ. ಅದೇ ರ‍್ಯಾಕ್‌ಗಳಲ್ಲಿ ಬಾಡಿಗೆಗೆ ಕೊಟ್ಟ ಹಳೆಯ ಲೀಸ್ಡ್ ಲೈನ್‌ಗಳು ಕೂತಿವೆಯೇ ನೋಡಿ. ಗಡಿಯಾರವನ್ನು ಮರೆಯಬೇಡಿ. ಹಳೆಯ ಜಾಲದಲ್ಲಿ ಎಲ್ಲ ಯಂತ್ರಗಳೂ ಒಂದೇ ಕ್ಲಾಕ್‌ಗೆ ಹೊಂದಿಕೊಂಡು ನಡೆಯುತ್ತವೆ. ಪಕ್ಕದ ಯಾವುದೋ ಉಪಕರಣ ಈ ಸ್ವಿಚ್‌ನಿಂದಲೇ ಕ್ಲಾಕ್ ತೆಗೆದುಕೊಳ್ಳುತ್ತಿರಬಹುದು. ಇದನ್ನು ಆರಿಸಿದರೆ ಅಲ್ಲಿ ಸ್ಲಿಪ್, ಅಂದರೆ ಲಯ ತಪ್ಪಿ ಡೇಟಾ ಕೆಡುವುದು, ಶುರುವಾಗುತ್ತದೆ.

ಇದೆಲ್ಲ ಆದ ಮೇಲೆ ಮೊದಲು ಸಿಗ್ನಲಿಂಗ್ ಲಿಂಕ್‌ಗಳನ್ನು ಮಾತ್ರ ಬ್ಲಾಕ್ ಮಾಡಿ, ಒಂದು ವಾರ ಬಿಡಿ. ಮುಂದೆ ಎಂಡಿಎಫ್‌ನಲ್ಲಿ (ಹೊರಗಿನ ತಂತಿಗಳು ಬಂದು ಸೇರುವ ಚೌಕಟ್ಟು) ಉಳಿದ ಜಂಪರ್‌ಗಳನ್ನು ಒಂದೊಂದಾಗಿ ನೋಡಿ, ತುದಿಯಲ್ಲಿ ಯಾರಿದ್ದಾರೆ ಎಂದು ಕೇಳಿ. ಆಮೇಲೇ ಬ್ರೇಕರ್ ಕೆಳಗಿಳಿಸಿ.